ಶಾಲು ಬೇಡ, ಮೆಸ್ ಬಿಲ್ ಕಟ್ಟಿ

ನಮ್ಮದು ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ. ಇಲ್ಲಿ ಬೇರೆ ಯಾವುದಕ್ಕೆ ಬರ ಬಂದರೂ ಸಮಾರಂಭಗಳಿಗೆ ಬರವಿಲ್ಲ. ನವೆಂಬರ್ ಒಂದರಂದು ಶುರುವಾದ ರಾಜ್ಯೋತ್ಸವ ಬೀದಿ ಬೀದಿ ಸುತ್ತಿ ಮುಗಿಯುವಾಗ ಸಂಕ್ರಾಂತಿಯ ಎಳ್ಳು ಬೀರುವ ಹೊತ್ತಾಗಿರುತ್ತದೆ. ಪ್ರತಿಯೊಂದರಲ್ಲೂ ಒಂದು ನೃತ್ಯ, ಒಂದು ನಾಟಕ ಇರಲೇಬೇಕು. ಕುಣಿದವರಿಗೆ ಒಂದು ಶಾಲು, ಒಂದು ಹಾರ, ಒಂದು ಹಣ್ಣಿನ ಬುಟ್ಟಿ, ಜೊತೆಗೆ ಇಟ್ಟುಕೊಳ್ಳಲು ಮನೆಯಲ್ಲಿ ಜಾಗವಿಲ್ಲದಷ್ಟು ದೊಡ್ಡದಾದ ಒಂದು ಸ್ಮರಣಿಕೆ.

2017ರ ಡಿಸೆಂಬರಿನಲ್ಲಿ ನಮ್ಮ ಶಾಲೆಯ ಮೈದಾನದಲ್ಲೇ ಅಂಥದೊಂದು ಸಮಾರಂಭ ನಡೆಯಿತು. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಓದಿದ ಹುಡುಗಿಯೊಬ್ಬಳು, ಆಗ ಬೆಂಗಳೂರಿನ ವಿಶ್ವವಿದ್ಯಾಲಯವೊಂದರಲ್ಲಿ ನೃತ್ಯದಲ್ಲಿ ಸ್ನಾತಕೋತ್ತರ ಪದವಿಗೆ ಓದುತ್ತಿದ್ದವಳು, ಮುಕ್ಕಾಲು ಗಂಟೆ ಭರತನಾಟ್ಯ ಮಾಡಿದಳು. ಜನ ಶಿಳ್ಳೆ ಹೊಡೆಯಲಿಲ್ಲ, ಎದ್ದು ಹೋಗಲೂ ಇಲ್ಲ. ನಮ್ಮೂರಿನ ಮಟ್ಟಿಗೆ ಇದು ದೊಡ್ಡ ಮರ್ಯಾದೆ. ಅಧ್ಯಕ್ಷರು ಶಾಲು ಹೊದಿಸಿದರು, ಫೋಟೋ ತೆಗೆದರು.

ಎಂಟನೇ ತರಗತಿ 'ಬಿ' ವಿಭಾಗದ ಕೋಣೆಯೇ ಅವತ್ತಿನ ಗ್ರೀನ್ ರೂಮು. ಬಾಗಿಲಿನ ಬೀಗ ತೆಗೆಸುವ, ಹಾಕಿಸುವ ಹೊಣೆ ನನ್ನದಾದ್ದರಿಂದ ಒಳಗೆ ಹೋದೆ. ಹುಡುಗಿಯ ತಾಯಿ ಶಾಲನ್ನು ಮಡಿಸುತ್ತಿದ್ದರು. ಟೈಲರ್ ಮನೆಯವರು, ಬಟ್ಟೆ ಬಲ್ಲವರು. ಅಂಚನ್ನು ಎರಡು ಬೆರಳಲ್ಲಿ ಉಜ್ಜಿ, "ನೂರಾ ಎಂಬತ್ತು ರೂಪಾಯಿದು ಸಾರ್. ಮನೇಲಿ ಇಂಥವು ಆರಿವೆ. ವಾಪಸ್ ತಗೊಂಡು ದುಡ್ಡು ಕೊಡೋ ಹಾಗಿದ್ರೆ ಕೇಳಿಬಿಡ್ತಿದ್ದೆ" ಎಂದು ನಕ್ಕರು. ನಾನೂ ನಕ್ಕೆ. ಹುಡುಗಿ ಬೆಂಚಿನ ಮೇಲೆ ಕಾಲು ಚಾಚಿ ಮುಂಗಾಲಿನ ಮೂಳೆಯ ಮೇಲೆ ಒದ್ದೆ ಬಟ್ಟೆ ಸುತ್ತಿಕೊಳ್ಳುತ್ತಿದ್ದಳು.

"ಏನಾಯ್ತಮ್ಮ ಕಾಲಿಗೆ?"

"ಏನಿಲ್ಲ ಸಾರ್, ಎರಡು ತಿಂಗಳಿಂದ ನೋವು."

"ಊಟ ಆಯ್ತಾ?"

"ಬೆಳಿಗ್ಗೆ ಬನ್ನು ತಿಂದಿದ್ದೆ ಸಾರ್."

ಅವಳು ಯೋಚಿಸದೆ ಅಂದುಬಿಟ್ಟ ಮಾತು. ತಾಯಿ ಶಾಲು ಮಡಿಸುವುದನ್ನು ನಿಲ್ಲಿಸಿದರು. ಆಮೇಲೆ ಒಂದೊಂದೇ ಹೊರಬಂತು. ದೀಪಾವಳಿಯ ನಂತರ ಮೆಸ್ ಬಿಲ್ ಕಟ್ಟಿರಲಿಲ್ಲ. ಬರಬೇಕಾದ ವಿದ್ಯಾರ್ಥಿವೇತನ ಬಂದಿರಲಿಲ್ಲ. ಬಾಕಿ ಬೆಳೆದಂತೆ ಅಲ್ಲಿಗೆ ಹೋಗಲು ನಾಚಿಕೆಯಾಗಿ, ಮಧ್ಯಾಹ್ನ ಗೆಳತಿಯ ತಟ್ಟೆಯಲ್ಲಿ ಪಾಲು, ರಾತ್ರಿ ಬನ್ನು ಅಥವಾ ಬಾಳೆಹಣ್ಣು. ಮನೆಗೆ ಹೇಳಿರಲಿಲ್ಲ.

ನನಗೆ ನಿಂತ ನೆಲ ಕುಸಿದಂತಾಯಿತು. ಅದಕ್ಕೆ ಕಾರಣವಿತ್ತು, ಹೇಳಿಬಿಡುತ್ತೇನೆ.

ನಮ್ಮ ಶಾಲೆಯಲ್ಲಿ ಹಳೆಯ ವಿದ್ಯಾರ್ಥಿಗಳು ಸೇರಿ ಮಾಡಿದ ಒಂದು ಸಣ್ಣ ಸಹಾಯ ನಿಧಿ ಇದೆ. ಲೆಕ್ಕ ಬರೆಯುವವನೆಂದು ನನ್ನನ್ನೇ ಕಾರ್ಯದರ್ಶಿ ಮಾಡಿದ್ದರು. ಅದೇ ವರ್ಷ ಜೂನ್‌ನಲ್ಲಿ ಈ ಹುಡುಗಿ ತಂದೆಯ ಜೊತೆ ಅರ್ಜಿ ಹಿಡಿದು ಬಂದಿದ್ದಳು. ನಮ್ಮ ನಿಯಮಾವಳಿಯಲ್ಲಿ 'ವೃತ್ತಿಪರ ಕೋರ್ಸುಗಳಿಗೆ ಮಾತ್ರ' ಎಂದಿತ್ತು. ಎಂಜಿನಿಯರಿಂಗ್, ಮೆಡಿಕಲ್, ನರ್ಸಿಂಗ್, ಡಿಪ್ಲೊಮಾ, ಬಿ.ಎಡ್. ನಾನು ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ. ತಂದೆ, "ಡ್ಯಾನ್ಸೂ ಒಂದು ವೃತ್ತಿನೇ ಅಲ್ವಾ ಮೇಷ್ಟ್ರೆ?" ಎಂದರು. "ನಿಯಮ ಹಾಗಿದೆ" ಎಂದೆ. ಹುಡುಗಿ "ಸರಿ ಸಾರ್" ಎಂದು ಅರ್ಜಿಯನ್ನು ನಾಲ್ಕಾಗಿ ಮಡಿಸಿಕೊಂಡಳು. ನಿಯಮ ಹಾಗಿದ್ದದ್ದು ನಿಜ. ಆದರೆ ಅದನ್ನು ಬರೆದವನೂ ನಾನೇ ಎಂಬುದನ್ನು ಅವರಿಗೆ ಹೇಳಲಿಲ್ಲ.

ಇನ್ನೂ ಹಿಂದಕ್ಕೆ ಹೋದರೆ, ಅವಳಿಗೆ ಹತ್ತನೆಯಲ್ಲಿ ವಿಜ್ಞಾನಕ್ಕೆ 91 ಬಂದಾಗ, "ಡ್ಯಾನ್ಸ್ ಎಲ್ಲಾ ಹವ್ಯಾಸಕ್ಕೆ ಇಟ್ಕೊಮ್ಮ, ಸೈನ್ಸ್ ತಗೊ" ಎಂದವನೂ ನಾನೇ. ಆಗಲೇ ಅವಳು ಭರತನಾಟ್ಯದಲ್ಲಿ ಜೂನಿಯರ್ ಪರೀಕ್ಷೆ ಮುಗಿಸಿ ಸೀನಿಯರ್‌ಗೆ ಕಟ್ಟಿದ್ದಳು. ಪಿಯುಸಿ, ಬಿ.ಎಸ್ಸಿ. ಎಂದು ಐದು ವರ್ಷ ನಮ್ಮ ಮಾತಿಗಾಗಿ ಓದಿ, ಸೆಕೆಂಡ್ ಕ್ಲಾಸಿನಲ್ಲಿ ಪಾಸಾಗಿ, ಎರಡು ವರ್ಷ ಮಕ್ಕಳಿಗೆ ಟ್ಯೂಷನ್ ಹೇಳಿ ಪ್ರವೇಶ ಶುಲ್ಕಕ್ಕೆ ದುಡ್ಡು ಕೂಡಿಸಿಕೊಂಡು, ಆಮೇಲೆ ತನಗೆ ಬೇಕಾದದ್ದಕ್ಕೆ ಸೇರಿಕೊಂಡವಳು. ಇಂಥವಳಿಗೆ ಆರು ತಿಂಗಳ ಹಿಂದೆ ಇಲ್ಲ ಎಂದಿದ್ದೆವು. ಈಗ ಅವಳು ಬಂದು ಕುಣಿದ ಸಮಾರಂಭದ ಪೆಂಡಾಲು, ದೀಪ, ಧ್ವನಿವರ್ಧಕಕ್ಕೆ ನಮ್ಮ ನಿಧಿಯ ದಾನಿಗಳೇ 18 ಸಾವಿರ ಕೊಟ್ಟಿದ್ದರು. ಅವಳಿಗೆ ಸಿಕ್ಕಿದ್ದು ಶಾಲು, ಹಣ್ಣಿನ ಬುಟ್ಟಿ. ಬುಟ್ಟಿಯಲ್ಲಿದ್ದ ಎರಡು ಸೇಬನ್ನು ಅವಳು ಅಲ್ಲೇ ತಿಂದಳು.

ಜನವರಿಯಲ್ಲಿ ಬೇರೆ ಕೆಲಸದ ಮೇಲೆ ಬೆಂಗಳೂರಿಗೆ ಹೋದಾಗ ಅವಳ ಹಾಸ್ಟೆಲಿಗೆ ಹೋದೆ. ಜೊತೆಗೆ ನನ್ನ ಹೆಂಡತಿಯೂ ಬಂದಿದ್ದಳು. ಹುಡುಗಿಯರ ಹಾಸ್ಟೆಲಿಗೆ ನೀವೊಬ್ಬರೇ ಹೋಗಿ ಏನು ವಿಚಾರಿಸುತ್ತೀರಿ ಎಂದು ಅವಳ ವಾದ. ಬಂದದ್ದು ಒಳ್ಳೆಯದೇ ಆಯಿತು. ವಿಸಿಟರ್ಸ್ ಕೋಣೆಯಲ್ಲಿ ಕೂತು, ಯಾರೋ ಹುಡುಗ ತರಗತಿಯಲ್ಲಿ ಬಿಟ್ಟುಹೋಗಿದ್ದ ನೋಟ್ ಪುಸ್ತಕದ ಖಾಲಿ ಹಾಳೆಯಲ್ಲಿ ನಾನು ಲೆಕ್ಕ ಬರೆಯತೊಡಗಿದೆ. ಅದು ಇವತ್ತಿಗೂ ನನ್ನ ಹತ್ತಿರ ಇದೆ.

ಮೆಸ್ಸಿಗೆ ತಿಂಗಳಿಗೆ 2,200. ಇದು ಎಲ್ಲ ವಿದ್ಯಾರ್ಥಿಗಳಿಗೂ ಇರುವುದೇ. ಮುಂದಿನದು ನನಗೆ ಗೊತ್ತಿಲ್ಲದ ಲೋಕ. ಪೋಷಾಕು ಎಂದರೆ ಒಂದು ಸೀರೆಯಲ್ಲ. ಕುಪ್ಪಸ, ಪೈಜಾಮ, ಮುಂದೆ ಬೀಸಣಿಗೆಯಂತೆ ಬಿಚ್ಚುವ ನೆರಿಗೆ, ಹಿಂದಿನದೊಂದು, ಮೇಲಿನದೊಂದು ಎಂದು ಬಿಡಿಬಿಡಿಯಾಗಿ ಹೊಲಿದ ತುಂಡುಗಳು. ನುರಿತವರ ಹತ್ತಿರ ಹೊಲಿಸಲು ಸಾವಿರಾರು ರೂಪಾಯಿ. ಇವಳ ತಂದೆ ಗುರುಗಳ ಹತ್ತಿರ ಒಂದು ಹಳೆಯ ಪೋಷಾಕು ಕೇಳಿ ತಂದು, ಹೊಲಿಗೆ ಬಿಚ್ಚಿ, ತುಂಡುಗಳನ್ನು ಪೇಪರ್ ಮೇಲೆ ಗೆರೆ ಎಳೆದುಕೊಂಡು, ಮತ್ತೆ ಹೊಲಿದು ವಾಪಸ್ ಕೊಟ್ಟು, ಮಗಳಿಗೆ ಎರಡು ಹೊಲಿದಿದ್ದರಂತೆ. ಅಷ್ಟರ ಮಟ್ಟಿಗೆ ಉಳಿತಾಯ. ಆದರೆ ತಲೆ, ಕಿವಿ, ಸೊಂಟದ ಒಡವೆ ಬಾಡಿಗೆಗೆ. ಮುಖದ ಬಣ್ಣ, ಕಾಲಿನ ಆಲ್ತಾ. ಪ್ರಾಯೋಗಿಕ ಪರೀಕ್ಷೆಗೆ ಮೇಳ ಬೇಕೆಂದರೆ ನಟ್ಟುವಾಂಗ, ಹಾಡುಗಾರಿಕೆ, ಮೃದಂಗ, ಕೊಳಲು. ನಾಲ್ವರಿಗೆ ಸಂಭಾವನೆ, ಅಭ್ಯಾಸಕ್ಕೆ ಬಂದ ದಿನ ಊಟ, ಆಟೋ. ಬಿ.ಎಸ್ಸಿ. ಹುಡುಗರಿಗೆ ಪ್ರಯೋಗಾಲಯದ ಬ್ಯೂರೆಟ್, ಪಿಪೆಟ್ಟು ಕಾಲೇಜೇ ಕೊಡುತ್ತದೆ. ಇವರು ತಮ್ಮ ಪ್ರಯೋಗಾಲಯವನ್ನು ಬಾಡಿಗೆಗೆ ತರಬೇಕು, ಊಟ ಹಾಕಿ ಕಳಿಸಬೇಕು.

"ಬೇರೆಯವರ ಕಾರ್ಯಕ್ರಮ ನೋಡೋಕೆ ತಿಂಗಳಿಗೆ ಮುನ್ನೂರು" ಎಂದಳು. ಇದನ್ನು ಬಿಡಬಹುದಲ್ಲ ಎಂದೆ. "ಸಾರ್, ಅದು ನಮಗೆ ಲೈಬ್ರರಿ ಇದ್ದ ಹಾಗೆ" ಎಂದಳು. ಬರೆದುಕೊಂಡೆ. ಅವಳು ಹೇಳದೆ ಬಿಟ್ಟದ್ದನ್ನು ನನ್ನ ಹೆಂಡತಿ ಪಕ್ಕದಲ್ಲಿ ಕರೆದು ಕೇಳಿ, ಪೆನ್ನು ಕಿತ್ತುಕೊಂಡು, 'ಇತರೆ 250' ಎಂದು ಬರೆದಳು. ಆ ಕಾಲಂ ಇಲ್ಲದ ಸ್ಕಾಲರ್‌ಶಿಪ್ ಅರ್ಜಿಗಳನ್ನು ನಾನು ಎಷ್ಟು ವರ್ಷ ಪರಿಶೀಲಿಸಿದ್ದೆನೋ.

ಕಾಲಿನ ವಿಷಯಕ್ಕೆ ಬಂದಾಗ ಮೇಷ್ಟರ ಬುದ್ಧಿ ಎಚ್ಚರವಾಯಿತು. ಎಲ್ಲಿ ಅಭ್ಯಾಸ ಮಾಡುತ್ತೀಯೆಂದು ಕೇಳಿದರೆ, ತರಗತಿ ಶುರುವಾಗುವ ಮುಂಚೆ ಬೆಳಿಗ್ಗೆ ಐದರಿಂದ ಏಳರವರೆಗೆ ಹಾಸ್ಟೆಲ್ ತಾರಸಿಯ ಮೇಲೆ ಎಂದಳು. ತಾರಸಿ ಎಂದರೆ ಕಾಂಕ್ರೀಟು. ಅರೆಮಂಡಿಯಲ್ಲಿ ಕೂತು ಪಾದವನ್ನು ನೆಲಕ್ಕೆ ಅಪ್ಪಳಿಸಿದಾಗ ನೆಲವೂ ಅಷ್ಟೇ ಬಲದಿಂದ ಪಾದಕ್ಕೆ ತಿರುಗಿ ಹೊಡೆಯುತ್ತದೆ. ಹಾರಿ ಇಳಿದರಂತೂ ಮೈತೂಕದ ಎರಡು ಮೂರು ಪಟ್ಟು. ಮರದ ಹಲಗೆಯ ನೆಲವಾದರೆ ಒಂದಿಷ್ಟು ಬಾಗಿ ಆ ಪೆಟ್ಟನ್ನು ತಾನು ನುಂಗುತ್ತದೆ. ಕಾಂಕ್ರೀಟ್ ಬಾಗುವುದಿಲ್ಲ, ಬಾಗಬೇಕಾದ್ದು ಮೂಳೆಯೇ. ಹೊಟ್ಟೆಗೆ ಸರಿಯಾಗಿ ಬಿದ್ದು, ರಾತ್ರಿ ನಿದ್ದೆಯಾದರೆ ಮೂಳೆ ತನ್ನನ್ನು ತಾನು ರಿಪೇರಿ ಮಾಡಿಕೊಳ್ಳುತ್ತದೆ. ಬನ್ನು ತಿಂದು ಮಲಗಿದರೆ ಎಲ್ಲಿಂದ ಮಾಡಿಕೊಳ್ಳಬೇಕು? ಒಂದು ಗಂಟೆ ಬಿರುಸಾಗಿ ಕುಣಿದರೆ ಸುಮಾರು 300ರಿಂದ 400 ಕಿಲೋ ಕ್ಯಾಲರಿ ಖರ್ಚಾಗುತ್ತದೆ. ಒಂದು ಇಡ್ಲಿಯಲ್ಲಿ ಹೆಚ್ಚೆಂದರೆ 50-60. ದಿನಕ್ಕೆ ಮೂರು ನಾಲ್ಕು ಗಂಟೆಯ ಅಭ್ಯಾಸಕ್ಕೆ ಎಷ್ಟು ಇಡ್ಲಿ ಬೇಕೆಂದು ನೀವೇ ಲೆಕ್ಕ ಹಾಕಿ. ಇದನ್ನೆಲ್ಲ ಅವಳಿಗೆ ವಿವರಿಸಲು ಹೊರಟರೆ, "ನ್ಯೂಟನ್ನನ ಮೂರನೇ ನಿಯಮ ಸಾರ್, ನೀವೇ ಹೇಳಿಕೊಟ್ಟಿದ್ದು" ಎಂದಳು. ಗೊತ್ತಿತ್ತು ಅವಳಿಗೆ. ಗೊತ್ತಿದ್ದರೆ ಹೊಟ್ಟೆ ತುಂಬುವುದಿಲ್ಲವಲ್ಲ.

ಎಲ್ಲ ಸೇರಿ ತಿಂಗಳಿಗೆ 4,600 ಆಯಿತು. ಪರೀಕ್ಷೆಯ ಮೇಳಕ್ಕೆ ಬೇರೆ. ಅವಳ ತಂದೆ ಕಳಿಸಬಲ್ಲದ್ದು 1,500. ಅವತ್ತಿನ ಮೆಸ್ ಬಾಕಿಯನ್ನು ನಾನು ಕಟ್ಟಿದೆ. ಇದರಲ್ಲಿ ಹೆಗ್ಗಳಿಕೆಯೇನೂ ಇಲ್ಲ. ತಪ್ಪಿಗೆ ಕಟ್ಟಿದ ದಂಡ.

ಫೆಬ್ರವರಿಯಲ್ಲಿ ನಿಧಿಯ ಸಮಿತಿ ಸೇರಿತು. ನಿಯಮ ತಿದ್ದೋಣ ಎಂದೆ. ನಮ್ಮಲ್ಲೇ ಓದಿ ಒಳ್ಳೆಯ ಹುದ್ದೆಯಲ್ಲಿರುವ ಒಬ್ಬರು ಬಹಳ ಮರ್ಯಾದೆಯಿಂದಲೇ ಕೇಳಿದರು: "ಸಾರ್, ಎಂಜಿನಿಯರ್ ಆದವನು ನಾಳೆ ದುಡಿದು ನಿಧಿಗೆ ವಾಪಸ್ ಕೊಡ್ತಾನೆ. ಡಾಕ್ಟರ್ ಆದವಳು ಊರಿಗೆ ಬಂದು ಪ್ರಾಕ್ಟೀಸ್ ಮಾಡ್ತಾಳೆ. ಕುಣಿಯೋರಿಗೆ, ನಾಟಕ ಆಡೋರಿಗೆ ಕೊಟ್ಟ ದುಡ್ಡು ಎಲ್ಲಿಗೆ ಹೋಗುತ್ತೆ?" ಈ ಪ್ರಶ್ನೆಯನ್ನು ತಿರಸ್ಕರಿಸಲು ನನ್ನಿಂದ ಆಗಲಿಲ್ಲ. ಬೆವರು ಸುರಿಸಿ ದುಡಿದವನು ಕೇಳಬೇಕಾದ ಪ್ರಶ್ನೆಯೇ ಅದು. ನನಗೆ ಆಗ ಹೊಳೆದದ್ದು ಗುಬ್ಬಿ ವೀರಣ್ಣನವರು. ನಮ್ಮ ಜಿಲ್ಲೆಯವರೇ ಅಲ್ಲವೇ?

ಕಥೆ ಬಹಳ ಮಂದಿಗೆ ಗೊತ್ತಿರಬಹುದು, ಆದರೂ ಹೇಳುತ್ತೇನೆ. ದಕ್ಷಿಣ ಕನ್ನಡದ ಮಂಚಿಯ ಹತ್ತಿರ 1929ರಲ್ಲಿ ಹುಟ್ಟಿದ ಒಬ್ಬ ಹುಡುಗ, ಮನೆ ಬಿಟ್ಟು ಓಡಿಬಂದು ಗುಬ್ಬಿ ಕಂಪನಿ ಸೇರಿದ. ಕಂಪನಿಗೆ ಹುಡುಗರೇನು ಕಡಿಮೆಯೇ? ಸಣ್ಣ ಪಾತ್ರ ಕೊಟ್ಟು, ಊಟ ಹಾಕಿ ಇಟ್ಟುಕೊಂಡಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ವೀರಣ್ಣನವರು ಆ ಹುಡುಗನನ್ನು ಎಂ.ಎ. ಓದಲು ಕಾಶಿಗೆ ಕಳಿಸಿದರು. ಬನಾರಸ್ ಹಿಂದೂ ವಿಶ್ವವಿದ್ಯಾಲಯಕ್ಕೆ. ಓದಿನ ಜೊತೆಗೆ ಆತ ಅಲ್ಲಿ ಪಂಡಿತ ಓಂಕಾರನಾಥ ಠಾಕೂರರಲ್ಲಿ ಹಿಂದೂಸ್ತಾನಿ ಸಂಗೀತವನ್ನೂ ಕಲಿತ. ಅಲ್ಲಿಂದ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ. 1977ರಿಂದ 81ರವರೆಗೆ ಅದೇ ಶಾಲೆಯ ನಿರ್ದೇಶಕರಾದವರು ಅವರು. ಬಿ.ವಿ. ಕಾರಂತರು. ಮುಂದೆ ಭೋಪಾಲದ ಭಾರತ ಭವನದ ರಂಗಮಂಡಲ ಕಟ್ಟಿದರು, 1989ರಲ್ಲಿ ಮೈಸೂರಿನ ರಂಗಾಯಣದ ಮೊದಲ ನಿರ್ದೇಶಕರಾದರು.

ಇದರಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಕಾರಂತರು ದೊಡ್ಡವರಾದದ್ದಲ್ಲ. ಯಾರು ದೊಡ್ಡವರಾಗುತ್ತಾರೆಂದು ಕಳಿಸುವವರಿಗೆ ಮೊದಲೇ ಗೊತ್ತಿರುವುದಿಲ್ಲ. ವೀರಣ್ಣನವರು ವ್ಯಾಪಾರ ಬಲ್ಲವರು. ರಂಗದ ಮೇಲೆ ಆನೆ ಕುದುರೆ ತಂದು 'ಕುರುಕ್ಷೇತ್ರ' ಆಡಿಸಿದವರು. ಟಿಕೇಟು ಮಾರಾಟದ ಮೇಲೆ ಇಡೀ ಸಂಸಾರದಂಥ ಕಂಪನಿ ನಡೆಸಿದವರು. ಒಬ್ಬ ಹುಡುಗನನ್ನು ಎಂ.ಎ.ಗೆ ಕಳಿಸಿದರೆ ನಾಳಿನ ಕಲೆಕ್ಷನ್ನಿಗೆ ನಾಲ್ಕಾಣೆಯೂ ಸೇರುವುದಿಲ್ಲ ಎಂದು ಅವರಿಗೆ ತಿಳಿದಿರಲಿಲ್ಲವೇ? ಕಾರಂತರು ಬೆಳೆಸಿದ್ದು ಕಂಪನಿಯನ್ನಲ್ಲ, ಬೇರೆಯದೇ ಆದ ಹೊಸ ರಂಗಭೂಮಿಯನ್ನು. ದುಡ್ಡು ಎಲ್ಲಿಗೆ ಹೋಯಿತು ಎಂದರೆ, ಕೊಟ್ಟವರ ಕೈಗಂತೂ ಬರಲಿಲ್ಲ. ಬರಬೇಕೆಂದು ಅವರು ಕೊಟ್ಟಿರಲೂ ಇಲ್ಲ.

ಇಷ್ಟನ್ನೂ ಆವೇಶದಿಂದಲೇ ಹೇಳಿದೆ. ಮತಕ್ಕೆ ಹಾಕಿದಾಗ ಪರವಾಗಿ ಮೂರು, ವಿರುದ್ಧ ನಾಲ್ಕು. ನಿಯಮ ಹಾಗೆಯೇ ಉಳಿಯಿತು, ಇವತ್ತಿಗೂ ಹಾಗೇ ಇದೆ. ಸಭೆ ಮುಗಿದು ಕಾಫಿ ಕುಡಿಯುವಾಗ ನಮ್ಮ ಕನ್ನಡ ಮೇಷ್ಟರು, "ಲಂಡನ್ನಿಗೆ ಹೋಗಿ ಭೂಗರ್ಭಶಾಸ್ತ್ರ ಓದಿ ಬಂದು, ಕೊನೆಗೆ ನಾಟಕ ಬರೆದ ಕೈಲಾಸಂ ಅವರಿಗೂ ನೀವು ನಿಧಿಯಿಂದ ಕೊಡುತ್ತಿದ್ದಿರಿ, ಸೈನ್ಸ್ ಸ್ಟೂಡೆಂಟ್ ಅಂತ" ಎಂದರು. ನಿಯಮಾವಳಿ ನೋಡಿದರೆ ಮಾತು ನಿಜವೇ.

ಸಮಿತಿ ಒಪ್ಪದಿದ್ದರೇನು, ಜನ ಇದ್ದರಲ್ಲ. ಸೋತ ಮೂವರು, ನನ್ನ ಹೆಂಡತಿ, ಕನ್ನಡ ಮೇಷ್ಟರು, ನಿವೃತ್ತರಾದ ಒಬ್ಬ ಪೋಸ್ಟ್‌ಮಾಸ್ಟರ್, ಒಬ್ಬ ಔಷಧಿ ಅಂಗಡಿಯವರು, ಹೀಗೆ ಹನ್ನೊಂದು ಮಂದಿಯಾದೆವು. ತಿಂಗಳಿಗೆ ತಲಾ ಮುನ್ನೂರು. ಸಂಘವಿಲ್ಲ, ಹೆಸರಿಲ್ಲ, ಲೆಟರ್‌ಹೆಡ್ ಇಲ್ಲ. ಐದನೇ ತಾರೀಕಿನೊಳಗೆ ಹಣ ಮೆಸ್ಸಿಗೆ ನೇರ ಹೋಗಬೇಕು, ಉಳಿದದ್ದು ಹುಡುಗಿಯ ಬ್ಯಾಂಕ್ ಖಾತೆಗೆ. ಚೀಟಿ ನಡೆಸಿದ ಊರಿನವರಿಗೆ ಇದೇನು ಕಷ್ಟವಲ್ಲ. ತಿಂಗಳ ಚೀಟಿ ತಪ್ಪಿಸದ ಜನ ಇದನ್ನೂ ತಪ್ಪಿಸಲಿಲ್ಲ.

ಆದರೆ ತಪ್ಪುಗಳಾದವು. ಮೊದಲ ವರ್ಷವೇ ನಮ್ಮಲ್ಲೊಬ್ಬರು ಮಗಳ ಮದುವೆಯ ಆರತಕ್ಷತೆಯಲ್ಲಿ ಅರ್ಧ ಗಂಟೆ ಕುಣಿಯಬೇಕೆಂದು ಹುಡುಗಿಗೆ ಫೋನ್ ಮಾಡಿದರು. ಪ್ರೀತಿಯಿಂದಲೇ ಕರೆದದ್ದು, ಸಂಭಾವನೆಯ ಮಾತಿಲ್ಲ. ಇಲ್ಲ ಎನ್ನಲು ಅವಳಿಂದ ಹೇಗಾದೀತು? ಸೆಮಿಸ್ಟರ್ ಪರೀಕ್ಷೆಗೆ ನಾಲ್ಕು ದಿನ ಇರುವಾಗ ಬಸ್ಸು ಹತ್ತಿ ಬಂದು, ಊಟಕ್ಕೆ ಎಲೆ ಹಾಕುವ ಗದ್ದಲದ ನಡುವೆ, ನುಣುಪು ಗ್ರಾನೈಟ್ ನೆಲದ ಮೇಲೆ ಕುಣಿದು, ಕಾಲಿನ ನೋವು ಮರುಕಳಿಸಿ ವಾಪಸ್ ಹೋದಳು. ನನಗೆ ಗೊತ್ತಾದದ್ದು ತಿಂಗಳ ನಂತರ. ಹಣ ಕೊಟ್ಟವನಿಗೆ ಪಡೆದವಳ ಮೇಲೆ ಹಕ್ಕು ಬಂದುಬಿಡುತ್ತದೆ ಎಂಬ ಭಾವನೆ ಯಾರಿಗೂ ಹೇಳಿಕೊಡಬೇಕಾಗಿಲ್ಲ, ತಾನಾಗಿಯೇ ಬರುತ್ತದೆ. ನನಗೂ ಬರುತ್ತಿತ್ತು. ಅವಳ ಮಾರ್ಕ್ಸ್ ಕಾರ್ಡ್ ತರಿಸಿ ನೋಡುತ್ತಿದ್ದೆ, ಫೋನಿನಲ್ಲಿ ಉಪದೇಶ ಮಾಡುತ್ತಿದ್ದೆ. ಅವತ್ತಿನಿಂದ ಒಂದು ಕಟ್ಟು ಮಾಡಿಕೊಂಡೆವು. ಕೊಡುವವರಿಗೆ ವಿದ್ಯಾರ್ಥಿಯ ಹೆಸರು ತಿಳಿಯಕೂಡದು, ವಿದ್ಯಾರ್ಥಿಗೆ ಕೊಡುವವರ ಹೆಸರು ತಿಳಿಯಕೂಡದು. ನಡುವೆ ನಾನೊಬ್ಬ, ನನ್ನ ಮೇಲೆ ಕಾವಲಿಗೆ ನನ್ನ ಹೆಂಡತಿ.

ಎರಡನೆಯವನು ನಾಟಕದ ಹುಡುಗ. ಧ್ವನಿ, ಆಳ್ತನ ಎರಡೂ ಇದ್ದವನು. ವಿಶ್ವವಿದ್ಯಾಲಯದಲ್ಲಿ ನಾಟಕದ ಪದವಿಗೆ ಸೇರಿ ಒಂದೂವರೆ ವರ್ಷ ನಮ್ಮ ಹಣದಲ್ಲಿ ಉಂಡು, ಟೀವಿ ಧಾರಾವಾಹಿಯಲ್ಲಿ ಅವಕಾಶ ಸಿಕ್ಕಿತೆಂದು ಕೋರ್ಸು ಬಿಟ್ಟ. ಹನ್ನೊಂದರಲ್ಲಿ ಇಬ್ಬರು ಬೇಸರಪಟ್ಟು ಹೊರನಡೆದರು. ಅವರನ್ನು ನಾನು ದೂರುವುದಿಲ್ಲ. ಆದರೆ ಪ್ರತಿ ವರ್ಷ ಜೀವಶಾಸ್ತ್ರದ ಪಾಠಕ್ಕೆ ಒದ್ದೆ ಹತ್ತಿಯಲ್ಲಿ ಹೆಸರುಕಾಳು ಮೊಳಕೆ ಕಟ್ಟಿಸುವ ನನಗೆ, ಹತ್ತಕ್ಕೆ ಹತ್ತೂ ಮೊಳೆಯಲಿಲ್ಲವೆಂದು ಕಾಳಿನ ಮೇಲೆ ಸಿಟ್ಟು ಬರುವುದಿಲ್ಲ. ಅಲ್ಲದೆ, ಆ ಹುಡುಗನ ಮನೆಯಲ್ಲಿ ತಂಗಿಯ ಮದುವೆಯ ಸಾಲವಿತ್ತು. ನಾವು ಅವನ ಊಟ ನೋಡಿಕೊಂಡಿದ್ದೆವು, ಅವನ ಮನೆಯ ಊಟವನ್ನಲ್ಲ.

ತಂದೆತಾಯಿಗಳು ಓದುತ್ತಿದ್ದರೆ ಅವರಿಗೆ ಒಂದೆರಡು ವಿಷಯ. ಸರ್ಕಾರದ ನೆರವು ಇಲ್ಲವೇ ಇಲ್ಲ ಎಂದು ತಿಳಿಯಬೇಡಿ. 1959ರಲ್ಲಿ ಶುರುವಾದ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ಮೂರು ವರ್ಷದ ಕೋರ್ಸಿಗೆ ಆಯ್ಕೆಯಾದರೆ ತಿಂಗಳಿಗಿಷ್ಟು ಎಂದು ವಿದ್ಯಾರ್ಥಿವೇತನವಿದೆ. ಸೀಟು ಮಾತ್ರ ಬೆರಳೆಣಿಕೆಯಷ್ಟು. ಚಿಕ್ಕ ಮಕ್ಕಳಿಗೆ, ಹತ್ತರಿಂದ ಹದಿನಾಲ್ಕು ವರ್ಷದವರಿಗೆ, ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರದ ಪ್ರತಿಭಾ ಶೋಧ ವಿದ್ಯಾರ್ಥಿವೇತನ 1982ರಿಂದ ಇದೆ. ಹದಿನೆಂಟರಿಂದ ಇಪ್ಪತ್ತೈದರ ವಯಸ್ಸಿನ ಕಲಾವಿದರಿಗೆ ಕೇಂದ್ರ ಸಂಸ್ಕೃತಿ ಸಚಿವಾಲಯದ್ದು ಒಂದು. ಗುರುಗಳಲ್ಲಿ ಐದು ವರ್ಷವಾದರೂ ಕಲಿತಿರಬೇಕು. ನಾನು ನೋಡಿದ ನಿಯಮಾವಳಿಯಲ್ಲಿ ತಿಂಗಳಿಗೆ 5,000ದಂತೆ ಎರಡು ವರ್ಷ. ನಮ್ಮ ಹುಡುಗಿಯ ಪಟ್ಟಿಗೆ ಅದು ಸಾಕಾಗುತ್ತಿತ್ತು. ಆದರೆ ಕೊಡುವುದು ಆರಾರು ತಿಂಗಳ ಕಂತಿನಲ್ಲಿ. ಹೊಟ್ಟೆ ಆರು ತಿಂಗಳಿಗೊಮ್ಮೆ ಹಸಿಯುವುದಿಲ್ಲವಲ್ಲ! ಆ ಕಂತು ಬರುವ ತನಕದ ನಡುವಿನ ದಿನಗಳಿಗೇ ನಮ್ಮಂಥವರ ಮುನ್ನೂರು ರೂಪಾಯಿ ಬೇಕಾಗುವುದು. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳ ಪಟ್ಟಿಯಲ್ಲಿ ಬಸ್ ಚಾರ್ಜ್ ಎಂಬ ಸಾಲನ್ನು ನಾನು ಹೊಡೆದುಹಾಕಿದ್ದೇನೆ. ಆ ದುಡ್ಡು ಮೊಟ್ಟೆ, ಹಾಲಿಗೆ ಹೋಗುತ್ತದೆ.

ಕೊಡುವ ಮನಸ್ಸಿದ್ದವರು ನನ್ನನ್ನು ಕೇಳುತ್ತಾರೆ: ಒಳ್ಳೆಯ ಪೋಷಾಕು ಕೊಡಿಸಲೇ, ರಂಗಪ್ರವೇಶಕ್ಕೆ ಹಾಲ್ ಮಾಡಿಸಿಕೊಡಲೇ, ನಾಟಕದ ಸೆಟ್ಟಿಗೆ ಕೊಡಲೇ ಎಂದು. ಕೊಡಿ, ಬೇಡವೆನ್ನುವುದಿಲ್ಲ. ಆದರೆ ಜನ ನೋಡುವಂಥದ್ದಕ್ಕೆ ಕೊಡುವವರು ಹೇಗೋ ಸಿಗುತ್ತಾರೆ. ವೇದಿಕೆಗೆ ದೀಪ ಹಾಕಿಸಿದವರ ಹೆಸರು ಮೈಕಿನಲ್ಲಿ ಮೂರು ಸಲ ಬರುತ್ತದೆ. ಫಿಸಿಯೋಥೆರಪಿಗೆ ಆರು ವಾರ ದುಡ್ಡು ಕೊಟ್ಟವರ ಹೆಸರನ್ನು ಯಾರು ಓದುತ್ತಾರೆ? ನಮ್ಮ ಹನ್ನೊಂದು ಜನ ಆ ಹುಡುಗಿಗೆ ಕೊಟ್ಟ ಹಣದಲ್ಲಿ ಅತಿ ಹೆಚ್ಚು ಉಪಯೋಗವಾದದ್ದು ಯಾವುದು ಎಂದು ಒಮ್ಮೆ ಕೇಳಿದೆ. ಯೋಚಿಸಿ, "ಮೆಸ್ ಮ್ಯಾನೇಜರ್ ಎದುರಿಗೆ ಬಂದಾಗ ನಾನು ಬೇರೆ ದಾರಿ ಹಿಡಿಯೋದು ನಿಂತಿತಲ್ಲ ಸಾರ್, ಅದೇ" ಎಂದಳು.

ಅವಳು 2019ರಲ್ಲಿ ಮೊದಲ ದರ್ಜೆಯಲ್ಲಿ ಪಾಸಾದಳು. ಚಿನ್ನದ ಪದಕವೇನೂ ಬರಲಿಲ್ಲ. ಮರುವರ್ಷ ಮಾರ್ಚಿನಲ್ಲಿ ಲಾಕ್‌ಡೌನ್ ಬಂದು ಸೇರಿದ್ದ ಕೆಲಸ ಹೋಯಿತು. ತಂದೆ ಮಾಸ್ಕ್ ಹೊಲಿದರು, ಅವಳು ಗುಂಡಿ ಹಾಕಿದಳು, ಕಾಜಾ ಕೂಡಿಸಿದಳು, ಮೊಬೈಲಿನಲ್ಲಿ ನಾಲ್ಕು ಮಕ್ಕಳಿಗೆ ಪಾಠ ಹೇಳಿದಳು. ಈಗ ತುಮಕೂರಿನ ಒಂದು ಶಾಲೆಯಲ್ಲಿ ವಾರಕ್ಕೆ ನಾಲ್ಕು ದಿನ ನೃತ್ಯ ಶಿಕ್ಷಕಿ. ಸಂಜೆ ಸ್ವಂತ ತರಗತಿ. ಬಾಡಿಗೆಗೆ ಹಿಡಿದ ಹಳೆಯ ರೈಸ್ ಮಿಲ್ಲಿನ ಗೋದಾಮಿನಲ್ಲಿ ಮೊದಲು ಮಾಡಿದ ಖರ್ಚು ಹಲಗೆಯ ನೆಲಕ್ಕೆ, ಕನ್ನಡಿಗೆ ಆಮೇಲೆ. ಹೋಗಿ ನೋಡಿಬಂದೆ. ಮಕ್ಕಳು ಕುಣಿಯುವಾಗ ಹಲಗೆ ಮಿಡಿಯುವುದು ಅಂಗಾಲಿಗೆ ಗೊತ್ತಾಗುತ್ತದೆ. ತಿಂಗಳಿಗೆ ಮುನ್ನೂರು ಕೊಡುವವರ ಪಟ್ಟಿಯಲ್ಲಿ ಅವಳದ್ದೂ ಒಂದು ಸಾಲಿದೆ. ಯಾರಿಗೆ ಹೋಗುತ್ತದೆಂದು ಅವಳಿಗೂ ನಾನು ಹೇಳುವುದಿಲ್ಲ.

ಈ ಸಲ ಜೂನ್‌ನಲ್ಲಿ ಎರಡು ಅರ್ಜಿ ಬಂದವು. ಅದರಲ್ಲೊಂದು ಪಕ್ಕದ ತಾಲ್ಲೂಕಿನ ಹುಡುಗನದ್ದು. ನಾಟಕದಲ್ಲಿ ಪದವಿಗೆ ಸೀಟು ಸಿಕ್ಕಿದೆ. ಹುಡುಗ ಸ್ಟಾಫ್ ರೂಮಿನೊಳಗೆ ಬಂದ, ಅಪ್ಪ ಕಾರಿಡಾರಿನಲ್ಲೇ ನಿಂತರು. ಕೊಬ್ಬರಿ ಸುಲಿಯುವ ಕೆಲಸದವರು, ಕೈ ಕಪ್ಪಾಗಿತ್ತು. ಕರೆದು ಕುರ್ಚಿ ಕೊಟ್ಟೆ. ತುದಿಯಲ್ಲಿ ಕೂತರು. ಮಗ ಕಾಗದಪತ್ರ ತೆಗೆಯುತ್ತಿದ್ದಾಗ ತಗ್ಗಿದ ದನಿಯಲ್ಲಿ ಕೇಳಿದರು:

"ಮೇಷ್ಟ್ರೆ, ನೀವು ಓದಿದೋರು. ನಿಜ ಹೇಳಿ. ಇದರಾಗೆ ಅನ್ನ ಐತಾ?"

"ಮೂರು ವರ್ಷದ ಅನ್ನ ನಾವು ನೋಡ್ಕೋತೀವಿ" ಎಂದೆ. "ಆಮೇಲಿಂದು ನನಗೆ ಗೊತ್ತಿಲ್ಲ."

ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಆಮೇಲೆ ಮಗನ ಕಡೆ ತಿರುಗಿ, "ಆ ಜೆರಾಕ್ಸ್ ಮ್ಯಾಲೆ ಸೈನ್ ಹಾಕಿದ್ಯೇನ್ಲಾ?" ಎಂದರು.